ಸೆನ್ಸರ್‌ನ ಶಾಖ ಮತ್ತು ಡೈನಾಮಿಕ್ ರೇಂಜ್: ಕಲಬುರಗಿಯ ಮಾಳಿಗೆಯ ಮೇಲಿನ ಅಳತೆಗಳು

ಕಳೆದ ಡಿಸೆಂಬರ್‌ನಲ್ಲಿ ಮಹಾವ್ಯಾಧದ (ಓರಿಯನ್) ನೀಹಾರಿಕೆಯ ಫೋಟೊವನ್ನು ಹೊಲವೊಂದರಿಂದ ತೆಗೆದಾಗ ಅದರ ಹೊರ ಅಂಚಿನ ಮಸುಕಾದ ಧೂಳು ಕೂಡ ಸ್ಪಷ್ಟವಾಗಿ ಮೂಡಿತ್ತು. ಏಪ್ರಿಲ್‌ನಲ್ಲಿ ಅದೇ ಹೊಲದಿಂದ, ಅದೇ ಡಿಎಸ್‌ಎಲ್‌ಆರ್‌ನಿಂದ, ಅದೇ ಐಎಸ್‌ಒ 800 ಮತ್ತು 300 ಸೆಕೆಂಡಿನ ಎಕ್ಸ್‌ಪೋಷರ್ ಇಟ್ಟು ಜ್ಯೇಷ್ಠಾ ನಕ್ಷತ್ರದ ಸುತ್ತಲಿನ ಧೂಳಿನ ಮೋಡಗಳನ್ನು ಹಿಡಿಯಲು ಹೋದರೆ, ನೆರಳಿನ ಭಾಗಗಳೆಲ್ಲ ರವೆ ಚೆಲ್ಲಿದಂತೆ ಬಂದವು. ಆ ರಾತ್ರಿಯ ರಾ (ಸಂಸ್ಕರಿಸದ) ಫೈಲುಗಳಲ್ಲಿ ಕ್ಯಾಮೆರಾ ತಾನೇ ದಾಖಲಿಸಿದ್ದ ಉಷ್ಣತೆ 38 ಡಿಗ್ರಿ. ಡಿಸೆಂಬರ್‌ನ ಫೈಲುಗಳಲ್ಲಿ 20. ಈ 18 ಡಿಗ್ರಿಗಳ ಬೆಲೆ ಎಷ್ಟು ಎಂಬುದನ್ನು ಅಂದಾಜಿನಲ್ಲಿ ಬಿಡದೆ ಅಳೆದೇ ನೋಡಬೇಕೆಂದು ಅಂದು ನಿರ್ಧರಿಸಿದೆ.

ಮೊದಲ ಪ್ರಯತ್ನ ತಪ್ಪು ದಾರಿ ಹಿಡಿಯಿತು. ಲೆನ್ಸಿಗೆ ಮುಚ್ಚಳ ಹಾಕಿ ತೆಗೆದ ಡಾರ್ಕ್ ಫ್ರೇಮ್‌ಗಳ ಸರಾಸರಿ ಮಟ್ಟವನ್ನು ಹೋಲಿಸಿದೆ. ಚಳಿಗಾಲದಲ್ಲಿ ಉಳಿಸಿಕೊಂಡಿದ್ದ ಫ್ರೇಮ್‌ಗಳಿಗೂ ಬೇಸಿಗೆಯವಕ್ಕೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬಂದಿತು. ಎರಡು ದಿನ ಶಾಖಕ್ಕೂ ಇದಕ್ಕೂ ಸಂಬಂಧವಿಲ್ಲವೆಂದೇ ನಂಬಿದ್ದೆ. ಆಮೇಲೆ ತಿಳಿದದ್ದೇನೆಂದರೆ, ಅನೇಕ ಕ್ಯಾಮೆರಾಗಳು ಸೆನ್ಸರ್‌ನ ಅಂಚಿನಲ್ಲಿ ಬೆಳಕು ಬೀಳದಂತೆ ಮುಚ್ಚಿಟ್ಟ ಪಿಕ್ಸೆಲ್‌ಗಳನ್ನು ನೋಡಿ, ಶಾಖದಿಂದ ಏರಿದ ಸರಾಸರಿ ಮಟ್ಟವನ್ನು ಫೈಲ್ ಬರೆಯುವ ಮುನ್ನವೇ ಕಳೆದುಬಿಡುತ್ತವೆ. ಏರಿಕೆ ಮರೆಯಾಗುತ್ತದೆ, ಅದರ ಏರಿಳಿತ ಉಳಿಯುತ್ತದೆ. ಅಳೆಯಬೇಕಾದದ್ದು ಸರಾಸರಿಯನ್ನಲ್ಲ, ಹರಡಿಕೆಯನ್ನು.

ಸಿಲಿಕಾನ್‌ನಲ್ಲಿ ಬೆಳಕಿನ ಕಣವೊಂದು ಬಿದ್ದು ಎಲೆಕ್ಟ್ರಾನನ್ನು ಬಿಡಿಸುವಂತೆಯೇ, ಹರಳಿನ ಶಾಖದ ಕಂಪನವೂ ಎಲೆಕ್ಟ್ರಾನನ್ನು ಬಿಡಿಸಬಲ್ಲದು, ಮತ್ತು ಪಿಕ್ಸೆಲ್‌ಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೀಗೆ ಬಂದ ಎಲೆಕ್ಟ್ರಾನ್‌ಗಳು ಯಾದೃಚ್ಛಿಕವಾಗಿ ಬರುವುದರಿಂದ ಅವುಗಳ ಏರಿಳಿತ ಅವುಗಳ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. ಆದ್ದರಿಂದ ಒಂದೇ ಉಷ್ಣತೆಯ ಎರಡು ಡಾರ್ಕ್ ಫ್ರೇಮ್‌ಗಳನ್ನು ಒಂದರಿಂದೊಂದು ಕಳೆದು, ಉಳಿದದ್ದರ ಮಾನಕ ವಿಚಲನೆಯನ್ನು (ಹರಡಿಕೆಯ ಅಳತೆ), ಅದರಲ್ಲಿ ಎರಡೂ ಫ್ರೇಮ್‌ಗಳ ಏರಿಳಿತ ಸೇರಿರುವುದರಿಂದ, 2ರ ವರ್ಗಮೂಲದಿಂದ ಭಾಗಿಸಿದೆ; ಹಾಟ್ ಪಿಕ್ಸೆಲ್‌ಗಳಂತಹ (ಬೆಳಕಿಲ್ಲದೆಯೂ ಹೊಳೆಯುವ ಪಿಕ್ಸೆಲ್‌ಗಳು) ಸ್ಥಿರ ವಿನ್ಯಾಸ ಕಳೆಯುವಾಗಲೇ ಹೋಗಿ, ಯಾದೃಚ್ಛಿಕ ಏರಿಳಿತ, ಅಂದರೆ ನಾಯ್ಸ್, ಮಾತ್ರ ಉಳಿಯುತ್ತದೆ.

ಬಿಳಿ ಬಟ್ಟೆಯ ಮುಂದೆ ತೆಗೆದ ಸಮಬೆಳಕಿನ ಫ್ರೇಮ್‌ಗಳಿಂದ ಮೊದಲೇ ಲೆಕ್ಕ ಹಾಕಿಟ್ಟಿದ್ದಂತೆ, ಐಎಸ್‌ಒ 800ರಲ್ಲಿ ನನ್ನ ಸೆನ್ಸರ್‌ನ ಒಂದು ಪಿಕ್ಸೆಲ್ ಸುಮಾರು 9000 ಎಲೆಕ್ಟ್ರಾನ್‌ಗಳಿಗೆ ತುಂಬುತ್ತದೆ ಮತ್ತು ಓದುವಾಗಿನ ನಾಯ್ಸ್ ಸುಮಾರು 3 ಎಲೆಕ್ಟ್ರಾನ್. ಇವೆರಡರ ಅನುಪಾತವೇ ಡೈನಾಮಿಕ್ ರೇಂಜ್, ಅಂದರೆ ಒಂದೇ ಚಿತ್ರದಲ್ಲಿ ಹಿಡಿಯಬಹುದಾದ ಅತಿ ಬೆಳಕಿಗೂ ಅತಿ ಮಸುಕಿಗೂ ನಡುವಿನ ಅಂತರ: 11.6 ಸ್ಟಾಪ್ (ಒಂದು ಸ್ಟಾಪ್ ಎಂದರೆ ಒಂದು ಇಮ್ಮಡಿ). ಸೆಕೆಂಡಿನ ನೂರನೇ ಒಂದು ಭಾಗದ ಎಕ್ಸ್‌ಪೋಷರ್‌ನಲ್ಲಿ 20 ಡಿಗ್ರಿಗೂ 38 ಡಿಗ್ರಿಗೂ ಇದು ಬದಲಾಗಲಿಲ್ಲ, ಆದ್ದರಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಮದುವೆಯ ಫೋಟೊ ತೆಗೆಯುವವರು ಈ ವಿಷಯದಲ್ಲಿ ಚಿಂತಿಸಬೇಕಾಗಿಲ್ಲ. 300 ಸೆಕೆಂಡಿನಲ್ಲಿ ಚಿತ್ರವೇ ಬೇರೆ. 20 ಡಿಗ್ರಿಯಲ್ಲಿ ಶಾಖದ ಸುಮಾರು 30 ಎಲೆಕ್ಟ್ರಾನ್‌ಗಳು ಸೇರಿ ಒಟ್ಟು ನಾಯ್ಸ್ 6.2ಕ್ಕೆ ಏರಿ, ರೇಂಜ್ 10.5 ಸ್ಟಾಪ್‌ಗೆ ಇಳಿಯಿತು. 38 ಡಿಗ್ರಿಯಲ್ಲಿ ಸುಮಾರು 240 ಎಲೆಕ್ಟ್ರಾನ್‌ಗಳು, ನಾಯ್ಸ್ 15.8, ರೇಂಜ್ 9.2 ಸ್ಟಾಪ್. ಎಂಟು ಪಟ್ಟು ಏರಿಕೆಯೆಂದರೆ ಮೂರು ಸಲ ಇಮ್ಮಡಿ, ಅಂದರೆ ಪ್ರತಿ 6 ಡಿಗ್ರಿಗೆ ಒಮ್ಮೆ. ಸಿಲಿಕಾನ್ ಸೆನ್ಸರ್‌ಗಳ ಬಗ್ಗೆ ಸಾಮಾನ್ಯವಾಗಿ ಹೇಳುವ ಲೆಕ್ಕಕ್ಕೆ ಇದು ಹತ್ತಿರವೇ ಇರುವುದನ್ನು ಕಂಡು ಬಹಳ ಸಂತೋಷವಾಯಿತು.

ಡಾರ್ಕ್ ಫ್ರೇಮ್ ಕಳೆದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಹವ್ಯಾಸಿಗಳ ನಡುವೆ ಆಗಾಗ ಕೇಳುತ್ತೇನೆ, ನಾನೂ ಹಾಗೆಯೇ ಹೇಳುತ್ತಿದ್ದೆ. ಕಳೆಯುವುದರಿಂದ ಹಾಟ್ ಪಿಕ್ಸೆಲ್‌ಗಳ ಚುಕ್ಕೆಗಳೂ ಮೂಲೆಯ ಹೊಳಪೂ ಹೋಗುತ್ತವೆ, ಆದರೆ ಕಳೆದುಹೋದ ಸ್ಟಾಪ್‌ಗಳು ಮರಳುವುದಿಲ್ಲ. ಕ್ಯಾಮೆರಾದೊಳಗಿನ ನಾಯ್ಸ್ ತಗ್ಗಿಸುವ ಸೌಲಭ್ಯ ಒಂದೇ ಒಂದು ಡಾರ್ಕ್ ಫ್ರೇಮ್ ತೆಗೆದು ಕಳೆಯುವುದರಿಂದ, ಆ ಫ್ರೇಮ್‌ನ ಏರಿಳಿತವೂ ಚಿತ್ರಕ್ಕೆ ಸೇರಿಕೊಳ್ಳುತ್ತದೆ. ಅದನ್ನು ನಿಲ್ಲಿಸಿ, ಈಗ ಅದೇ ಉಷ್ಣತೆಯ 25 ಡಾರ್ಕ್ ಫ್ರೇಮ್‌ಗಳ ಸರಾಸರಿಯನ್ನು ಬಳಸುತ್ತಿದ್ದೇನೆ.

ಮೇ ತಿಂಗಳಿನಲ್ಲಿ ಮಾಡಿದ ಬದಲಾವಣೆ ಇನ್ನೊಂದು: 300 ಸೆಕೆಂಡನ್ನು 60 ಸೆಕೆಂಡಿನ ಐದು ಫ್ರೇಮ್‌ಗಳಾಗಿ ಒಡೆದು ಆಮೇಲೆ ಕೂಡಿಸುವುದು. ಐದು ಸಲ ಓದುವುದರಿಂದ ನಾಯ್ಸ್ ಹೆಚ್ಚಬೇಕು. ಚಳಿಯಲ್ಲಾದರೆ ಅದು 6.2ರಿಂದ 8.7ಕ್ಕೆ ಏರುತ್ತಿತ್ತು, 38 ಡಿಗ್ರಿಯಲ್ಲಿ ಶಾಖದ ಪಾಲೇ ದೊಡ್ಡದಾದ್ದರಿಂದ 15.8ರಿಂದ 16.9ಕ್ಕೆ ಮಾತ್ರ ಏರುತ್ತದೆ, ಅತ್ತ ಪ್ರಕಾಶಮಾನ ನಕ್ಷತ್ರಗಳಿಗೆ ಸಿಗುವ ಜಾಗ ಐದು ಪಟ್ಟಾಗುತ್ತದೆ. ಕೂಡಿಸಿದ ಚಿತ್ರದ ರೇಂಜ್ 11.4 ಸ್ಟಾಪ್‌ಗೆ ತಲುಪುತ್ತದೆ. ಆದರೆ ಈ ಲಾಭವೆಲ್ಲ ಬೆಳಕಿನ ಕಡೆಯದು; ಜ್ಯೇಷ್ಠಾದ ಸುತ್ತಲಿನ ಧೂಳು ಇನ್ನೂ ಅದೇ ರವೆಯಲ್ಲಿ ಮುಳುಗಿದೆ.

ಇಷ್ಟೇ ಹೊತ್ತಿನ ಎಕ್ಸ್‌ಪೋಷರ್‌ನಲ್ಲಿ ನೆರಳನ್ನು ಮರಳಿ ಪಡೆಯಲು ನನಗೆ ಉಳಿದಿರುವ ದಾರಿ ತಂಪು ಮಾಡುವುದು. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದ ಚಳಿಯಲ್ಲಿದ್ದರೂ, ಹೊಸಕೋಟೆಯಿಂದ ನಡೆಸುವ ಹಿಮಾಲಯನ್ ಚಂದ್ರ ದೂರದರ್ಶಕದ ಸಿಸಿಡಿಯನ್ನು (ಬೆಳಕು ಹಿಡಿಯುವ ಸೆನ್ಸರ್) ದ್ರವ ಸಾರಜನಕದಿಂದ ತಂಪಾಗಿಡುತ್ತಾರೆ. ನನ್ನ ಕೈಗೆಟಕುವುದು ಪೆಲ್ಟಿಯರ್ ಫಲಕ, ಅಂದರೆ ವಿದ್ಯುತ್ ಹರಿದಾಗ ಒಂದು ಬದಿ ತಣ್ಣಗಾಗುವ ಫಲಕ. ಕ್ಯಾಮೆರಾದ ಬೆನ್ನಿಗೆ ತಾಮ್ರದ ತಗಡು, ಅದರ ಹಿಂದೆ ಫಲಕ, ಫ್ಯಾನ್, ಸುತ್ತಲೂ ಥರ್ಮೋಕೋಲ್ ಪೆಟ್ಟಿಗೆ. ಮೊನ್ನೆಯ ಮೊದಲ ಪರೀಕ್ಷೆಯಲ್ಲಿ ಸೆನ್ಸರ್ 38ರಿಂದ 29ಕ್ಕೆ ಇಳಿಯಿತು. ಇನ್ನೂ ಇಳಿಸಿದರೆ ಮಳೆಗಾಲದ ತೇವ ಒಳಗೆ ಇಬ್ಬನಿಯಾಗಿ ಕಟ್ಟುವ ಅಪಾಯವಿದೆ. ಸಿಲಿಕಾ ಜೆಲ್ ಇಟ್ಟು ಪೆಟ್ಟಿಗೆಯ ಸಂದುಗಳನ್ನು ಮುಚ್ಚಿದ ಮೇಲೆ, 26 ಡಿಗ್ರಿಯಲ್ಲಿ ಮುಂದಿನ ಡಾರ್ಕ್ ಫ್ರೇಮ್‌ಗಳನ್ನು ತೆಗೆಯಲಿದ್ದೇನೆ.