ಅಷ್ಟು ಚಿಕ್ಕ ಸಭೆಗೆ ಯಾಕೆ ಹೋಗ್ತೀರಿ ಅಂತ ಕೇಳುವವರಿಗೆ

"ಮೇಡಂ, ನಿಮ್ಮ ಚರ್ಚಿಗೆ ಸೇರಿದ್ದೇ ಮೂವತ್ತು ಮನೆ. ಹಾಸನದಲ್ಲಿ ದೊಡ್ಡ ಚರ್ಚ್ ಇದೆ, ಒಳ್ಳೆ ಕೊಯರ್ ಇದೆ, ಪ್ರತಿ ವಾರ ಪಾಸ್ಟರ್ ಇರ್ತಾರೆ. ಮುಕ್ಕಾಲು ಗಂಟೆ ದಾರಿ. ಆದ್ರೂ ಯಾಕೆ ಇಲ್ಲೇ ಇದ್ದೀರಿ?"

ಶಾಲೆಯ ಸ್ಟಾಫ್ ರೂಮಿನಲ್ಲಿ ಇದನ್ನು ಕೇಳುತ್ತಾರೆ. ಬೆಂಗಳೂರು ಸೇರಿದ ನಮ್ಮ ಸಭೆಯ ಹುಡುಗರೇ ರಜೆಗೆ ಬಂದಾಗ ಕೇಳುತ್ತಾರೆ. ಕೇಳಿದವರಲ್ಲಿ ಸುಮಾರು ಜನ ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ: "ಚಿಕ್ಕ ಸಭೆ ಅಂದ್ರೆ ಎಲ್ಲಾ ಒಂದೇ ಮನೆಯವರ ಥರ. ಪ್ರೀತಿ ಜಾಸ್ತಿ, ಅಲ್ವಾ?"

ಒಂದೇ ಮನೆಯವರ ಥರ ಅನ್ನುವುದೇನೋ ಸರಿ. ಮನೆಯಲ್ಲಿ ಆಗುವ ಜಗಳವನ್ನೂ ಅದಕ್ಕೆ ಸೇರಿಸಿಕೊಳ್ಳಿ. ಆದರೆ ನಮ್ಮನ್ನು ಒಟ್ಟಿಗೆ ಇಟ್ಟಿರುವುದು ಪ್ರೀತಿ ಅಂತ ನನಗೆ ಅನಿಸುವುದಿಲ್ಲ. ಕೆಲಸ. ಆಗಲೇಬೇಕಾದ ಕೆಲಸ ಬೇಕಾದಷ್ಟಿದೆ, ಕೈ ಕಡಿಮೆ ಇವೆ. ಪ್ರೀತಿ ಆಮೇಲೆ ಬರುತ್ತದೆ. ಕೆಲವು ಸಲ ಬರುವುದೂ ಇಲ್ಲ, ಆದರೂ ಕೆಲಸ ನಿಲ್ಲುವುದಿಲ್ಲ.

ನಾವು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಹಾಸನದಿಂದ ಸಕಲೇಶಪುರಕ್ಕೆ ಹೋಗುವಾಗ ಆಲೂರು ಕಳೆದ ಮೇಲೆ ಬಾಳ್ಳುಪೇಟೆ ಸಿಗುತ್ತದೆ. ಅಲ್ಲಿಂದ ಒಳಗೆ, ಕಾಫಿ ತೋಟಗಳ ನಡುವೆ, ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚ್. ಮಂಗಳೂರು ಹೆಂಚಿನ ಮಾಡು, ಎರಡು ಸಾಲು ಬೆಂಚು, ಹೊರಗೆ ಒಂದು ಗಂಟೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ಹಾಸನ ಜಿಲ್ಲೆಯಲ್ಲಿ ಅದಕ್ಕಿಂತಲೂ ಕಡಿಮೆ. ಹಾಗಾಗಿ ಹೊರಗಿನವರಿಗೆ ಹಾಸನದ ಚರ್ಚ್ ಅಂದರೆ ನೆನಪಾಗುವುದು ಶೆಟ್ಟಿಹಳ್ಳಿಯದು ಒಂದೇ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚ್ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಕಾಣುತ್ತದೆ. ಫೋಟೊ ತೆಗೆಯಲು ಜನ ಹೋಗುತ್ತಲೇ ಇರುತ್ತಾರೆ. ಅಲ್ಲಿ ಕೂತು ಪೂಜೆ ಕೇಳುತ್ತಿದ್ದ ಮನೆಗಳು ಎಲ್ಲಿಗೆ ಹೋದವು, ಈಗ ಎಲ್ಲಿ ಸೇರುತ್ತಾರೆ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ. (ಅವರು ಕಥೊಲಿಕರು, ನಾವು ಪ್ರಾಟೆಸ್ಟೆಂಟರು. ಇದನ್ನೂ ಪ್ರತಿ ಸಲ ಬಿಡಿಸಿ ಹೇಳಬೇಕು.)

ನಮ್ಮ ಮನೆಗಳು ಒಂದೇ ದಾರಿ ಹಿಡಿದು ಬಂದವಲ್ಲ. ಕೆಲವರ ಮುತ್ತಜ್ಜಂದಿರು ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876-78ರಲ್ಲಿ, ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸುವಾಗ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಅಂಥ ಬರ. ಉಳಿದುಕೊಂಡ ಅನಾಥ ಮಕ್ಕಳಲ್ಲಿ ಕೆಲವರನ್ನು ಇಂಗ್ಲೆಂಡಿನ ಮೆಥೊಡಿಸ್ಟರ ವೆಸ್ಲಿಯನ್ ಮಿಷನ್ನಿನವರು ಸಾಕಿದರು. ಇನ್ನು ಕೆಲವು ಮನೆಯವರು ತಮಿಳುನಾಡಿನಿಂದ ತೋಟದ ಲೈನುಗಳಿಗೆ, ಅಂದರೆ ಕೂಲಿಯವರ ಸಾಲು ಮನೆಗಳಿಗೆ, ಬಂದವರು. ಎರಡು ಮನೆ ಮಂಗಳೂರು ಕಡೆಯ ಬಾಸೆಲ್ ಮಿಷನ್ನಿನವರದು. ಒಂದು ಮನೆ ಕೇರಳದಿಂದ ಮೆಣಸು ಬೆಳೆಯಲು ಬಂದ, ಮಾರ್ತೋಮಾ ಅನ್ನುವ ಅಲ್ಲಿಯ ಸಭೆಯವರದು. ಹತ್ತಿರದಲ್ಲಿ ಅವರ ಚರ್ಚ್ ಇಲ್ಲ, ನಮ್ಮಲ್ಲೇ ಕೂರುತ್ತಾರೆ. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರು ವಾರಕ್ಕೆ, ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಕಾಗದದ ಮೇಲೆ ಒಂದಾಗಿದ್ದು ಅವತ್ತು. ಬೆಂಚಿನ ಮೇಲೆ ಒಂದಾಗುವುದು ಇವತ್ತಿಗೂ ನಡೆದೇ ಇದೆ.

ನಮ್ಮ ಅಯ್ಯನವರು, ಅಂದರೆ ಪಾಸ್ಟರ್, ನೋಡಿಕೊಳ್ಳಬೇಕಾದ ಸಭೆಗಳು ನಾಲ್ಕು. ನಮ್ಮ ಪಾಲಿಗೆ ತಿಂಗಳಿಗೆ ಒಂದೋ ಎರಡೋ ಭಾನುವಾರ ಸಿಗುತ್ತಾರೆ. ಅವರು ಬಂದ ದಿನ ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು), ಮಗು ಇದ್ದರೆ ದೀಕ್ಷಾಸ್ನಾನ. ಉಳಿದ ಭಾನುವಾರ ಎಲ್ಲಾ ನಮ್ಮದೇ. ಒಬ್ಬರು ಆರಾಧನೆ ನಡೆಸಬೇಕು. ಒಬ್ಬರು ಪಾಠ ಓದಬೇಕು, ಒಬ್ಬರು ಪ್ರಸಂಗ, ಅಂದರೆ ಉಪದೇಶ, ಮಾಡಬೇಕು. ಕೀಬೋರ್ಡ್ ಹುಡುಗ ಬರದಿದ್ದರೆ ಯಾರಾದರೂ ಧೈರ್ಯ ಮಾಡಿ ಹಾಡು ಎತ್ತಬೇಕು. ಕಾಣಿಕೆ ಎಣಿಸಬೇಕು, ಎಣಿಸುವಾಗ ಪಕ್ಕದಲ್ಲಿ ಇನ್ನೊಬ್ಬರು ನಿಂತಿರಬೇಕು. ಮಕ್ಕಳ ಸಂಡೇ ಸ್ಕೂಲ್ ಇದೆ. ಕೀಲಿ, ಗಂಟೆ, ಬಾವಲಿ ಹಿಕ್ಕೆ ಗುಡಿಸುವುದು ಇವೆಲ್ಲ ಇವೆ. ಬರುವವರಲ್ಲಿ ಅರ್ಧದಷ್ಟು ಜನಕ್ಕೆ ಆ ದಿನ ಏನಾದರೂ ಒಂದು ಕೆಲಸ ಬಿದ್ದೇ ಇರುತ್ತದೆ. ಹಾಸನದ ಚರ್ಚಿಗೆ ನಾನು ಒಂದು ವಾರ ಹೋಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ನಾನು ಖಜಾಂಚಿ. ಹೋಗದಿದ್ದರೆ ಕಾಣಿಕೆ ಪೆಟ್ಟಿಗೆಯ ಕೀಲಿಯೇ ಇರುವುದಿಲ್ಲ.

ಶುಭ ಶುಕ್ರವಾರ ಬಂದಾಗ ನೋಡಬೇಕು ನಮ್ಮ ಪಾಡು. ಮಧ್ಯಾಹ್ನ 12ರಿಂದ 3ರವರೆಗೆ ಆರಾಧನೆ. ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತಿಗೆ ಏಳು ಪ್ರಸಂಗ. ದೊಡ್ಡ ಊರುಗಳಲ್ಲಿ ಹೆಸರಾದ ಪ್ರಸಂಗಿಗಳನ್ನು ಕರೆಸುತ್ತಾರೆ. ನಮ್ಮಲ್ಲಿಗೆ ಯಾರು ಬರುತ್ತಾರೆ? ಆ ಏಳು ಜನ ನಮ್ಮೊಳಗಿಂದಲೇ ಏಳಬೇಕು. ನಮ್ಮ ಕಾರ್ಯದರ್ಶಿ ತಿಂಗಳ ಮೊದಲೇ ಚೀಟಿ ಹಿಡಿದು ಮನೆಮನೆ ಸುತ್ತುತ್ತಾರೆ. ಮೊದಲನೆಯ ಮಾತು, ಕ್ಷಮಿಸು ಅನ್ನುವುದು, ಎಲ್ಲರಿಗೂ ಬೇಕು. ನಾಲ್ಕನೆಯದು, ದೇವರೇ ಯಾಕೆ ಕೈಬಿಟ್ಟೆ ಅನ್ನುವುದು, ಯಾರಿಗೂ ಬೇಡ.

ಒಂದು ವರ್ಷ ಐದನೆಯ ಮಾತು, ನನಗೆ ನೀರಡಿಕೆಯಾಗಿದೆ ಅನ್ನುವುದು, ತೋಟದಲ್ಲಿ ಜೀಪ್ ಓಡಿಸುವ ಒಬ್ಬರ ಪಾಲಿಗೆ ಬಂತು. ಅಲ್ಲಿಯವರೆಗೆ ಅವರು ಚರ್ಚಿನಲ್ಲಿ ಬಾಯಿ ಬಿಟ್ಟವರೇ ಅಲ್ಲ. ಎದ್ದು ನಿಂತರು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಅಂತ ಸ್ಪ್ರಿಂಕ್ಲರ್ ಓಡಿಸಿದಾಗ ಕೆರೆ ಹೇಗೆ ಬತ್ತುತ್ತದೆ, ಆಗ ಲೈನಿನ ಹೆಂಗಸರು ಕೊಡ ಹಿಡಿದು ಎಷ್ಟು ದೂರ ನಡೆಯುತ್ತಾರೆ ಅಂತ ಹೇಳಿದರು. "ಹೂವಿಗೂ ಬಾಯಾರಿಕೆ, ಲೈನಿನವರಿಗೂ ಬಾಯಾರಿಕೆ. ಮೊದಲು ಯಾರಿಗೆ ಕೊಡಬೇಕು ಅಂತ ನನ್ನ ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳಿಲ್ಲ" ಅಂದವರು ಹಾಗೇ ಕೂತುಬಿಟ್ಟರು. ಅದೇ ತೋಟದ ಲೆಕ್ಕ ಬರೆಯುವ ರೈಟರ್ ಎರಡನೇ ಬೆಂಚಿನಲ್ಲಿದ್ದರು. ಐದನೆಯ ಮಾತಿನ ಮೇಲೆ ನಾನು ಬೇಕಾದಷ್ಟು ಪ್ರಸಂಗ ಕೇಳಿದ್ದೇನೆ, ಒಂದೂ ನೆನಪಿಲ್ಲ. ಇದು ನೆನಪಿದೆ. ಆಮೇಲೆ ನೀರು ಬಂತಾ ಅಂತ ಕೇಳಬೇಡಿ. ಒಂದು ಸಿಂಟೆಕ್ಸ್ ಟ್ಯಾಂಕ್ ಬಂತು. ಅದಕ್ಕೆ ನೀರು ಬಿಡಿಸಿದ್ದು ಬೇರೆ ಕಥೆ.

ಇನ್ನು ಜಗಳದ ವಿಷಯ. ನಮ್ಮಲ್ಲಿ ಎರಡು ಮನೆಗೆ ಬೇಲಿ ವ್ಯಾಜ್ಯ. ಮಾತು ಬಿಟ್ಟು ವರ್ಷಗಳೇ ಆದವು. ದೊಡ್ಡ ಚರ್ಚಾದರೆ ಒಬ್ಬರು ಬೆಳಗಿನ ಆರಾಧನೆಗೆ, ಇನ್ನೊಬ್ಬರು ಸಂಜೆಯದಕ್ಕೆ ಹೋಗಿ ಬಚಾವಾಗುತ್ತಿದ್ದರು. ಇಲ್ಲಿ ಇರುವುದೇ ಒಂದು ಆರಾಧನೆ. ಅದರ ಮೇಲೆ ನಮ್ಮ ಕರ್ತನ ಭೋಜನದಲ್ಲಿ ಸಮಾಧಾನ ಕೊಡುವ ಪದ್ಧತಿ ಇದೆ. ಹಳೆಯ ಕಾಲದ ಈ ಪದ್ಧತಿಯನ್ನು ಸಿಎಸ್‌ಐ 1950ರ ತನ್ನ ಆರಾಧನಾ ಕ್ರಮದಲ್ಲಿ ಮತ್ತೆ ತಂದಿತು. ಕೈಗೆ ಕೈ ಕೊಡುವ ರೀತಿಯನ್ನು ಕೇರಳದ ಸುರಿಯಾನಿ ಸಭೆಗಳಿಂದ ಕಲಿತದ್ದು. ಆಮೇಲೆ ಹೊರದೇಶದ ಸಭೆಗಳೂ ಇದನ್ನು ನೋಡಿ ತಮ್ಮ ಕ್ರಮಕ್ಕೆ ಸೇರಿಸಿಕೊಂಡವು. ಅಯ್ಯನವರು ಮೇಜಿನ ಬಳಿ ಒಬ್ಬರ ಬಲಗೈಗೆ ತಮ್ಮ ಬಲಗೈ ಕೊಡುತ್ತಾರೆ, ಇಬ್ಬರೂ ಎಡಗೈಯನ್ನು ಮೇಲೆ ಮುಚ್ಚುತ್ತಾರೆ. ಅವರು ಬಂದು ಮುಂದಿನವರಿಗೆ ಕೊಡಬೇಕು, ಅವರು ಪಕ್ಕದವರಿಗೆ. ಹಾಗೇ ಕೊನೆಯ ಬೆಂಚಿನವರೆಗೆ.

ಎರಡು ಸಾಲು ಬೆಂಚಿನಲ್ಲಿ ಎಲ್ಲಿ ಕೂತರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಇವರಿಬ್ಬರೂ ಕೈ ಕೊಡುತ್ತಾರೆ. ಮುಖ ನೋಡುವುದಿಲ್ಲ, ಒಬ್ಬರು ಗೋಡೆ ಕಡೆ, ಇನ್ನೊಬ್ಬರು ಫ್ಯಾನ್ ಕಡೆ. ಇದು ಸುಮ್ನೆ ನಾಟಕ ಅಂತ ನನ್ನ ಮಗಳು ಹೇಳುತ್ತಾಳೆ. ಇರಬಹುದು. ಆದರೆ ಪ್ರತಿ ಭೋಜನದ ದಿನ ಇಬ್ಬರು ಶತ್ರುಗಳು ಒಬ್ಬರ ಕೈಯನ್ನು ಇನ್ನೊಬ್ಬರು ಮುಟ್ಟಬೇಕಾದ ಇನ್ನೊಂದು ಜಾಗ ಈ ತಾಲೂಕಿನಲ್ಲಿ ಎಲ್ಲಿದೆ ಹೇಳಿ?

ಚಿಕ್ಕ ಸಭೆಯವರಿಗೆ ಸಮಾಧಾನ ಹೇಳುವವರೆಲ್ಲ ಒಂದೇ ವಾಕ್ಯ ಎತ್ತುತ್ತಾರೆ: ಇಬ್ಬರು ಮೂವರು ನನ್ನ ಹೆಸರಿನಲ್ಲಿ ಕೂಡಿದ ಕಡೆ ನಾನೂ ಇರುತ್ತೇನೆ ಅಂತ ಯೇಸು ಹೇಳಿದ್ದು. ಜನ ಬರದ ಪ್ರಾರ್ಥನಾ ಕೂಟದಲ್ಲೆಲ್ಲ ಇದನ್ನು ಹೇಳುವುದು ವಾಡಿಕೆ. ಆದರೆ ಮತ್ತಾಯನ 18ನೇ ಅಧ್ಯಾಯ ತೆಗೆದು ಆ ವಾಕ್ಯದ ಸ್ವಲ್ಪ ಮೇಲೆ ಓದಿ. ನಿನ್ನ ಸಹೋದರ ನಿನಗೆ ತಪ್ಪು ಮಾಡಿದರೆ ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು, ಅದಕ್ಕೂ ಕೇಳದಿದ್ದರೆ ಸಭೆಗೆ ಹೇಳು ಅಂತ ಇದೆ. ಜಗಳ ಬಿಡಿಸುವ ಮಾತಿನ ಬೆನ್ನಿಗೇ ಬರುವ ವಾಕ್ಯ ಅದು. ಹಾಜರಿ ಕಡಿಮೆ ಅಂತ ಬೇಜಾರು ಮಾಡಿಕೊಂಡವರಿಗೆ ಹೇಳಿದ್ದಲ್ಲ.

ಇದೇ ಬೇಲಿ ಮನೆಯವರನ್ನು ನಾನು ಇನ್ನೊಂದು ಕಡೆ ನೋಡಿದ್ದೇನೆ. ಸ್ಮಶಾನದಲ್ಲಿ. ನಾವು ಮಣ್ಣು ಮಾಡುವವರು. ಜುಲೈ ಮಳೆಯಲ್ಲಿ ಸಾವಾದರೆ ಆ ಕಷ್ಟ ಮಲೆನಾಡಿನವರಿಗೇ ಗೊತ್ತು. ಕರೆಂಟ್ ಇರುವುದಿಲ್ಲ, ಫೋನ್ ಸಿಗುವುದಿಲ್ಲ, ಸತ್ತ ಸುದ್ದಿ ಗಂಟೆ ಬಾರಿಸಿಯೇ ಹೇಳಬೇಕು. ಗುಂಡಿ ತೋಡಲು ಕೂಲಿಯವರು ಬರುವುದಿಲ್ಲ, ನಾವು ಕರೆಯುವುದೂ ಇಲ್ಲ. ಸತ್ತವರ ರಕ್ತಸಂಬಂಧಿಗಳನ್ನು ಬಿಟ್ಟು ಉಳಿದ ಮನೆಗಳ ಗಂಡಸರು ಹಾರೆ, ಗುದ್ದಲಿ, ಮಂಕರಿ ತರುತ್ತಾರೆ. ಮೇಲೆ ಟಾರ್ಪಾಲ್ ಕಟ್ಟುತ್ತಾರೆ. ಎರಡಡಿ ತೋಡುವಷ್ಟರಲ್ಲಿ ಒರತೆ ಶುರು, ಬಕೆಟ್ಟಿನಲ್ಲಿ ಎತ್ತಿ ಹಾಕಬೇಕು. ಪಕ್ಕದ ಗೌಡರ ಮನೆಗಳವರೂ ಬಂದು ಕೈ ಹಾಕುತ್ತಾರೆ, ಅವರನ್ನು ಕರೆಯಬೇಕಾಗಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ನಾವು ಹೆಂಗಸರು ಬೇರೆ ಮನೆಯಲ್ಲಿ ಗಂಜಿ, ಕಾಫಿ ಮಾಡಿ ತರುತ್ತೇವೆ. ಅವತ್ತು ಕಾಫಿ ಕೊಡಲು ಹೋದಾಗ ನೋಡಿದರೆ ಇವರಲ್ಲಿ ಒಬ್ಬರು ಗುಂಡಿಯೊಳಗೆ, ಒಬ್ಬರು ಮೇಲೆ. ಮಾತಿಲ್ಲದೆ ಮಣ್ಣು ಅಗೆಯಬಹುದು. ಆದರೆ ತುಂಬಿದ ಮಂಕರಿ ಎತ್ತಿಕೊಡುವಾಗ "ಹಿಡ್ಕೋ" ಅನ್ನಲೇಬೇಕು. ಅಂದರು. ಬೇಲಿ ಕೇಸು ಈಗಲೂ ಕೋರ್ಟಿನಲ್ಲೇ ಇದೆ.

ಹೀಗೆ ಹೇಳುತ್ತಾ ಹೋದರೆ ಬರೀ ಕಷ್ಟ ಅಂದುಕೊಂಡೀರಿ. ಸುಗ್ಗಿ ಹಬ್ಬಕ್ಕೆ ಬನ್ನಿ. ಕಾಫಿ ಕುಯ್ಲು ಮುಗಿಯುತ್ತಾ ಬಂದಾಗ ಮಾಡುತ್ತೇವೆ. (ಊರ ದೇವರ ಸುಗ್ಗಿ ಇರುವುದು ಇನ್ನೂ ಮುಂದೆ. "ನಿಮ್ಮದು ಮುಂಗಡ ಸುಗ್ಗಿ" ಅಂತ ಪಕ್ಕದ ಮನೆಯವರು ರೇಗಿಸುತ್ತಾರೆ.) ಯಾರ ಮನೆಯಲ್ಲಿ ಏನಿದೆಯೋ ಅದು ಬರುತ್ತದೆ: ಬಾಳೆಗೊನೆ, ಕಾಳುಮೆಣಸು, ಕೆಸುವಿನ ಗೆಡ್ಡೆ, ಜೇನು, ನಾಟಿ ಕೋಳಿ. ಏನೂ ಇಲ್ಲದ ಒಬ್ಬರು ಅಜ್ಜಿ ಪ್ರತಿ ವರ್ಷ ಒಂದು ನಿಂಬೆಹಣ್ಣು ತರುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ನಿಂಬೆಹಣ್ಣನ್ನು 200 ರೂಪಾಯಿಗೆ ಹಿಡಿದವರು ದುಡ್ಡು ಕೊಟ್ಟು ಹಣ್ಣನ್ನು ಮತ್ತೆ ಹರಾಜಿಗೇ ಬಿಡುತ್ತಾರೆ. ಇನ್ನೊಬ್ಬರು 300 ಅನ್ನುತ್ತಾರೆ, ಅವರೂ ಬಿಡುತ್ತಾರೆ. ಕೊನೆಗೆ ಹಣ್ಣು ಅಜ್ಜಿಯ ಮನೆಗೇ ಹೋಗುತ್ತದೆ, ಸಾರಿಗೆ. ಕೋಳಿಯನ್ನು ಮಾತ್ರ ಯಾರೂ ವಾಪಸ್ ಬಿಡುವುದಿಲ್ಲ. ಮುಂದಿನ ಭಾನುವಾರ ನಾನು ಪೈಸೆ ಪೈಸೆ ಲೆಕ್ಕ ಓದುತ್ತೇನೆ. ಎಲ್ಲರ ಮುಂದೆ, ಗಟ್ಟಿಯಾಗಿ. ಚಿಕ್ಕ ಸಭೆ ಒಡೆಯುವುದಿದ್ದರೆ ದುಡ್ಡಿನ ವಿಷಯಕ್ಕೇ ಒಡೆಯುತ್ತದೆ. ದೇವರ ವಿಷಯಕ್ಕೆ ಒಡೆದದ್ದನ್ನು ನಾನು ನೋಡಿಲ್ಲ. ಅದಕ್ಕೇ ಈ ಓದು ನನಗೆ ಪ್ರಸಂಗದಷ್ಟೇ ಮುಖ್ಯ.

ಕೆಟ್ಟದ್ದನ್ನೂ ಹೇಳಬೇಕಲ್ಲ. ಇಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ. ಒಂದೇ ಮನೆತನದವರು ಕಮಿಟಿ ಹಿಡಿದುಕೊಂಡು ಕೂರುವುದಿದೆ. ಕ್ರಿಸ್‌ಮಸ್‌ನಲ್ಲಿ ತಮಿಳು ಹಾಡು ಎಷ್ಟು ಅನ್ನುವುದಕ್ಕೆ ಪ್ರತಿ ವರ್ಷ ಚರ್ಚೆ ಆಗುತ್ತದೆ. ಜಾತಿ ಇಲ್ವಾ ಅಂತ ಕೇಳಿದರೆ, ಬೆಂಚಿನಲ್ಲಿ ಇಲ್ಲ, ಮದುವೆ ಮಾತುಕತೆಯಲ್ಲಿ ಇದೆ. ಏಸು ಮುಂದೆ ಎಲ್ಲರೂ ಒಂದೇ ಅಂತ ಹಾಡಿದ ಬಾಯಲ್ಲೇ "ಅವರು ಯಾವ ಕಡೆಯವರು?" ಅಂತ ಮೆಲ್ಲಗೆ ಕೇಳುತ್ತಾರೆ. ನನಗೆ ಇದರ ಬಗ್ಗೆ ನಾಚಿಕೆ ಇದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಕೊನೆಗೆ ಎಲ್ಲರೂ ಕೇಳುವುದು, ಮುಂದೇನು ಅಂತ. ಮನೆಗಳು ಕಡಿಮೆಯಾಗುತ್ತಿವೆ. ಓದಿದ ಮಕ್ಕಳು ವಾಪಸ್ ಬರುವುದಿಲ್ಲ, ಬನ್ನಿ ಅನ್ನಲು ಇಲ್ಲಿ ಕೆಲಸವೂ ಇಲ್ಲ. ಎಂಟು ಕಿಲೋಮೀಟರ್ ಆಚೆ ಇರುವ ಇನ್ನೊಂದು ಸಭೆಯ ಜೊತೆ ನಮ್ಮನ್ನು ಸೇರಿಸುವ ಮಾತು ನಡೆದಿದೆ. ಶುಭ ಶುಕ್ರವಾರಕ್ಕೆ, ಸುಗ್ಗಿ ಹಬ್ಬಕ್ಕೆ ಒಟ್ಟಾಗೋಣ ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ಏಳು ಪ್ರಸಂಗಕ್ಕೆ ಹದಿನಾಲ್ಕು ಜನ ಸಿಕ್ಕರೆ ಕಾರ್ಯದರ್ಶಿಯ ಕಾಲಿಗೂ ಪುಣ್ಯ. ಆದರೆ ಪ್ರತಿ ಭಾನುವಾರದ ಆರಾಧನೆ, ಸಂಡೇ ಸ್ಕೂಲ್, ಸ್ಮಶಾನ ಈ ಮೂರು ಇಲ್ಲೇ ಇರಬೇಕು. ಆ ಸಭೆಗೆ ಹೋಗುವುದು ಆನೆ ಓಡಾಡುವ ದಾರಿ. ಕ್ರಿಸ್‌ಮಸ್ ಹಾಡು ಹಾಡುತ್ತಾ ಮನೆಮನೆಗೆ ಹೋಗುವ ಕ್ಯಾರಲ್‌ಗೆ ಹೊರಡುವ ಮೊದಲು ನಾವು ವಾಟ್ಸಾಪ್‌ನಲ್ಲಿ ಆನೆ ಎಲ್ಲಿದೆ ಅಂತ ನೋಡಿಕೊಂಡು, ಕತ್ತಲಾಗುವ ಮೊದಲೇ ಜೀಪಿನಲ್ಲಿ ಹಾಡಿ ಮುಗಿಸುತ್ತೇವೆ. ಅಂಥ ದಾರಿಯಲ್ಲಿ ಮಕ್ಕಳನ್ನು ನಡೆಸಿಕೊಂಡು ಹೋಗಲು ಯಾವ ತಾಯಿಯೂ ಒಪ್ಪುವುದಿಲ್ಲ. ಜುಲೈ ಮಳೆಯಲ್ಲಿ ಪೆಟ್ಟಿಗೆ ಹೊತ್ತು ಎಂಟು ಕಿಲೋಮೀಟರ್ ಹೋಗಲೂ ಆಗುವುದಿಲ್ಲ. ಮುಂದಿನ ಕಮಿಟಿ ಸಭೆಯಲ್ಲಿ ಇಷ್ಟನ್ನೇ ಹೇಳುತ್ತೇನೆ. ಬರೆದೂ ಕೊಡುತ್ತೇನೆ.