ಆಂಟಿವೈರಸ್ ಕೊಟೇಶನ್: ಎಣಿಕೆ ಮೊದಲು, ರೇಟು ಆಮೇಲೆ

ನಾನು ಶಿವಮೊಗ್ಗದಲ್ಲಿ ಅಡಿಕೆ ವಹಿವಾಟು ಮಾಡುವ ಒಂದು ಸಂಸ್ಥೆಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಅಂದರೆ ನಾನು, ಜೊತೆಗೆ ಅರ್ಧ ದಿನ ಬಿಲ್ಲಿಂಗಿನಲ್ಲಿ ಕೂತು ಇನ್ನರ್ಧ ದಿನ ನನ್ನ ಹತ್ತಿರ ಬರುವ ಒಬ್ಬ ಹುಡುಗ. ಹೆಡ್ ಆಫೀಸು ಇಲ್ಲಿ. ಶಾಖೆಗಳು ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದಲ್ಲಿ. ವರ್ಷಕ್ಕೊಮ್ಮೆ ಆಂಟಿವೈರಸ್ ಲೈಸೆನ್ಸ್ ಮುಗಿಯುತ್ತದೆ, ಮೂರ್ನಾಲ್ಕು ಕೊಟೇಶನ್ ಬರುತ್ತವೆ, ಅವನ್ನೆಲ್ಲ ಹಿಡಿದುಕೊಂಡು ನಾನು ಚೀಫ್ ಅಕೌಂಟೆಂಟ್ ಮುಂದೆ ಕೂರುತ್ತೇನೆ.

ಅವರದ್ದು ಪ್ರತಿ ಸಲ ಒಂದೇ ಪ್ರಶ್ನೆ. "ಎಂಥದ್ದು ಮಾರಾಯ್ರೆ, ಹೋದ ವರ್ಷ ತಗೊಂಡಿದ್ದು ಆಗ್ಲೇ ಮುಗೀತಾ? ಸರಿ, ಇದ್ರಲ್ಲಿ ಯಾವುದು ಕಮ್ಮಿ ಹೇಳಿ."

ಈ ಪ್ರಶ್ನೆಗೆ ನೇರ ಉತ್ತರ ಕೊಡುವುದು ಕಷ್ಟ. ಯಾಕೆಂದರೆ ಒಂದು ಕೊಟೇಶನ್ನಿನಲ್ಲಿ ಒಂದು ಮಷೀನಿಗೆ ವರ್ಷಕ್ಕೆ ಇಷ್ಟು ಅಂತ ಇರುತ್ತದೆ. ಇನ್ನೊಂದರಲ್ಲಿ ಒಬ್ಬ ಬಳಕೆದಾರನಿಗೆ ತಿಂಗಳಿಗೆ ಇಷ್ಟು. ಮೂರನೆಯದರಲ್ಲಿ ಐವತ್ತರವರೆಗೆ ಒಂದು ದರ, ಮೇಲೆ ಹೋದರೆ ಇನ್ನೊಂದು ದರ. ಇವುಗಳ ರೇಟನ್ನು ಪಕ್ಕಪಕ್ಕ ಇಟ್ಟು ನೋಡುವುದು, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಗೊರಬಲೋ ಅಂತ ಕೇಳದೆ ಕ್ವಿಂಟಾಲಿಗೆ ಎಷ್ಟು ಅಂದ ಹಾಗೆ. ಅವರಿಗೆ ನಾನು ಹೀಗೇ ಹೇಳಿದ್ದು, ಆಮೇಲೆ ಮಾತು ಸಲೀಸಾಯಿತು. ಯಾವುದನ್ನು ಎಣಿಸಿ ದುಡ್ಡು ಕೇಳುತ್ತಿದ್ದಾರೆ ಅನ್ನುವುದು ಮೊದಲು ಗೊತ್ತಾಗಬೇಕು. ನಮ್ಮ ಹತ್ತಿರ ಅದು ಎಷ್ಟಿದೆ ಅನ್ನುವುದೂ ಗೊತ್ತಿರಬೇಕು. ಎರಡನೆಯದು ಅಂದುಕೊಂಡಷ್ಟು ಸುಲಭ ಅಲ್ಲ.

ಎಲ್ಲ ಮಷೀನುಗಳ ಸ್ಥಿತಿಯನ್ನು ಒಂದೇ ಕಡೆ ತೋರಿಸುವ ಪರದೆಗೆ ಕನ್ಸೋಲ್ ಅನ್ನುತ್ತಾರೆ. ಅದನ್ನು ತೆಗೆದು ನೋಡಿದರೆ ನಮ್ಮಲ್ಲಿ ನಿಜವಾಗಿ ಇರುವುದಕ್ಕಿಂತ ಜಾಸ್ತಿ ಕಂಪ್ಯೂಟರ್ ಇದ್ದವು! ಕಾರಣ ಸರಳ. ಒಂದು ಮಷೀನ್ ಫಾರ್ಮ್ಯಾಟ್ ಮಾಡಿ ಮತ್ತೆ ವಿಂಡೋಸ್ ಹಾಕಿದಾಗ ಅದು ಹೊಸ ಹೆಸರಿನಲ್ಲಿ ಸೇರಿಕೊಳ್ಳುತ್ತದೆ. ಹಳೆಯ ಹೆಸರು ಅಲ್ಲೇ ಉಳಿದು ಒಂದು ಲೈಸೆನ್ಸ್ ಹಿಡಿದುಕೊಂಡಿರುತ್ತದೆ. ಹೆಸರಾದರೂ ಎಂಥದ್ದು, ಡೆಸ್ಕ್‌ಟಾಪ್ ಅಂತ ಬರೆದು ಮುಂದೆ ಅರ್ಥವಿಲ್ಲದ ಏಳು ಅಕ್ಷರ. ತೀರ್ಥಹಳ್ಳಿಯ ಕೌಂಟರಿನದ್ದೋ ಸೊರಬದ ಗೋದಾಮಿನದ್ದೋ ಯಾರಿಗೂ ಹೇಳಲು ಬರುವುದಿಲ್ಲ. ಕೊನೆಯ ಸಲ ಸಂಪರ್ಕಕ್ಕೆ ಬಂದ ದಿನಾಂಕದ ಪ್ರಕಾರ ಪಟ್ಟಿಯನ್ನು ಜೋಡಿಸಿದರೆ ಬಣ್ಣ ಬಯಲಾಗುತ್ತದೆ. ತಿಂಗಳುಗಟ್ಟಲೆ ಸದ್ದಿಲ್ಲದವನ್ನು ಶಾಖೆಗೆ ಫೋನ್ ಮಾಡಿ ವಿಚಾರಿಸಿ ತೆಗೆದುಹಾಕಿದೆವು. ಕೆಲವು ಸಾಫ್ಟ್‌ವೇರುಗಳು ಇಂಥವನ್ನು ತಾವೇ ಅಳಿಸುತ್ತವೆ, ಕೆಲವು ನಾವು ಅಳಿಸುವವರೆಗೂ ಸುಮ್ನೆ ಎಣಿಸುತ್ತಾ ಇರುತ್ತವೆ. ಮಾರುವವರು ಹಳೆಯ ಸಂಖ್ಯೆಗೇ ರಿನ್ಯೂವಲ್ ಕೊಟೇಶನ್ ಕಳಿಸುತ್ತಾರೆ. ಅವರಿಗೆ ಅದನ್ನು ಕಡಿಮೆ ಮಾಡುವ ಅವಸರ ಏನಿಲ್ಲ.

ಹಾಗೆ ಮಾಡಿದ ಪಟ್ಟಿಯಲ್ಲಿ ಮಷೀನಿನ ಹೆಸರಿನ ಜೊತೆ ಮೂರು ವಿಷಯ ಬರೆದುಕೊಂಡೆ. ಅದರ ಮುಂದೆ ಎಷ್ಟು ಜನ ಕೂರುತ್ತಾರೆ, ಅದರಲ್ಲಿರುವುದು ಯಾವ ವಿಂಡೋಸ್, ಹೋಮ್ ಎಡಿಶನ್ನೋ ಪ್ರೊ ಎಡಿಶನ್ನೋ. ಇವುಗಳಿಂದಲೇ ಆಮೇಲೆ ನಿರ್ಧಾರ ಬದಲಾಯಿತು.

ಮೊದಲನೆಯದು ಎಷ್ಟು ಜನ ಅನ್ನುವುದು. ಮೈಕ್ರೋಸಾಫ್ಟ್‌ನ ಆಂಟಿವೈರಸ್ ಡಿಫೆಂಡರ್ ಫಾರ್ ಬಿಸಿನೆಸ್ ಅನ್ನೇ ತೆಗೆದುಕೊಳ್ಳಿ. 300 ಬಳಕೆದಾರರವರೆಗಿನ ಸಂಸ್ಥೆಗಳಿಗೆ ಮಾಡಿದ್ದು, ಅಮೆರಿಕದ ಪಟ್ಟಿ ದರ ಒಬ್ಬರಿಗೆ ತಿಂಗಳಿಗೆ 3 ಡಾಲರ್ ಅಂತ ಬಿಟ್ಟಿದ್ದರು. ಆ ಒಬ್ಬರು ಐದು ಸಾಧನಗಳವರೆಗೆ ಬಳಸಬಹುದು. ಸರ್ವರ್ ಕಂಪ್ಯೂಟರಿಗೆ ಬೇರೆ ಲೈಸೆನ್ಸ್. ಲ್ಯಾಪ್‌ಟಾಪು, ಡೆಸ್ಕ್‌ಟಾಪು, ಫೋನು ಮೂರನ್ನೂ ಇಟ್ಟುಕೊಂಡ ಆಡಿಟರ್ ಆಫೀಸಿಗೆ ಇದು ಲಾಭದ ಲೆಕ್ಕ. ನಮ್ಮದು ತಿರುಗುಮುರುಗು. ಸುಗ್ಗಿಯಲ್ಲಿ ಶಾಖೆಯ ಕೌಂಟರಿನ ಒಂದು ಕಂಪ್ಯೂಟರಿಗೆ ಬೆಳಗ್ಗೆ ಒಬ್ಬ, ಮಧ್ಯಾಹ್ನ ಒಬ್ಬ, ಊಟದ ಹೊತ್ತಿಗೆ ಇನ್ನೊಬ್ಬ. ಬಳಕೆದಾರರ ಲೆಕ್ಕದಲ್ಲಿ ಆ ಒಂದು ಪೆಟ್ಟಿಗೆಗೆ ಮೂರು ಲೈಸೆನ್ಸ್ ಬೇಕು. ಮಷೀನಿನ ಲೆಕ್ಕದಲ್ಲಿ ಒಂದೇ ಸಾಕು. ಎಲ್ಲರೂ ಒಂದೇ ಲಾಗಿನ್ನಿನಲ್ಲಿ ಕೂತರೆ ಒಂದೇ ಲೈಸೆನ್ಸ್ ಸಾಕಲ್ವಾ ಅಂತ ಹುಡುಗ ಕೇಳಿದ. ತಾಂತ್ರಿಕವಾಗಿ ನಡೆದುಬಿಡುತ್ತದೆ, ಆದರೆ ಕರಾರಿನ ಪ್ರಕಾರ ಲೈಸೆನ್ಸ್ ಇರುವುದು ಮನುಷ್ಯನಿಗೆ, ಲಾಗಿನ್ನಿಗಲ್ಲ.

ಇನ್ನು ಹೋಮ್, ಪ್ರೊ. ದುರ್ಗಿಗುಡಿ ಕಡೆ ಅಂಗಡಿಗಳಲ್ಲಿ ಸಿಗುವ ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ವಿಂಡೋಸ್ ಹೋಮ್ ಇರುತ್ತದೆ. ಡಿಫೆಂಡರ್ ಫಾರ್ ಬಿಸಿನೆಸ್‌ಗೆ ಪ್ರೊ ಅಥವಾ ಅದಕ್ಕಿಂತ ಮೇಲಿನದು ಬೇಕು. ಹಾಗಾಗಿ ಲೈಸೆನ್ಸ್ ಅಗ್ಗ ಅಂತ ಕಂಡರೂ ಪ್ರೊಗೆ ಏರಿಸುವ ಖರ್ಚು ಪಕ್ಕದಲ್ಲೇ ಕಾದಿರುತ್ತದೆ. ಕೊಟೇಶನ್ನಿನಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ಅದೇ ಅಂಗಡಿಗಳಲ್ಲಿ ಸಿಗುವ ಮನೆಬಳಕೆಯ ಆಂಟಿವೈರಸ್ ಡಬ್ಬಿಗಳ ವಿಷಯ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ, ಬೇಡ. ಪ್ರತಿ ಡಬ್ಬಿಗೂ ಬೇರೆ ಕೀ, ಬೇರೆ ಮುಗಿಯುವ ದಿನ, ಕನ್ಸೋಲ್ ಇಲ್ಲ. ಜೊತೆಗೆ ಎಷ್ಟೋ ಕಂಪನಿಗಳ ಕರಾರಿನಲ್ಲಿ ಅದು ವ್ಯಾಪಾರಕ್ಕೆ ಅಲ್ಲ ಅಂತಲೇ ಇರುತ್ತದೆ.

ದರಕ್ಕೆ ಬರೋಣ. ಇಲ್ಲಿ ನಾನು ನೋಡುವುದು ಮೂರು ವರ್ಷದ ಒಟ್ಟು ಮೊತ್ತ. ಲೆಕ್ಕ ತೋರಿಸಲಿಕ್ಕೆ ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ, ಇದು ಯಾವ ಕಂಪನಿಯ ದರವೂ ಅಲ್ಲ. ಮಷೀನುಗಳು 50. ಒಬ್ಬರು ಮೊದಲ ವರ್ಷ ಮಷೀನಿಗೆ 800 ರೂಪಾಯಿ ಅಂತಾರೆ, ರಿನ್ಯೂವಲ್ 1,100. ಇನ್ನೊಬ್ಬರು ವರ್ಷಕ್ಕೆ 1,000 ಅಂತಾರೆ, ಮೂರು ವರ್ಷದ್ದು ಒಟ್ಟಿಗೆ ಕೊಟ್ಟರೆ 2,400. ಮೊದಲ ಹಾಳೆಯಲ್ಲಿ 40,000 ಮತ್ತು 50,000 ಕಾಣುತ್ತದೆ. ಯಾರಾದರೂ 40,000ದ ಕಡೆ ಕೈ ತೋರಿಸುತ್ತಾರೆ. ಮೂರು ವರ್ಷಕ್ಕೆ ನೋಡಿದರೆ ಮೊದಲನೆಯವರದ್ದು 1,50,000, ಎರಡನೆಯವರದ್ದು 1,20,000. ಇದರ ಮೇಲೆ 18% ಜಿಎಸ್‌ಟಿ ಸೇರಿದರೆ 1,77,000 ಮತ್ತು 1,41,600. ರಿನ್ಯೂವಲ್ ದರವನ್ನು ಬಾಯಿಮಾತಿನಲ್ಲಿ ಹೇಳುವವರಿಗೆ ನಾನು ಹೇಳುವುದಿಷ್ಟೇ, ಸರ್, ಅದನ್ನು ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ. ಬರೆದುಕೊಡುವವರು ಇದ್ದಾರೆ. ಫೋನ್ ಎತ್ತುವುದನ್ನೇ ನಿಲ್ಲಿಸುವವರೂ ಇದ್ದಾರೆ.

ಜಿಎಸ್‌ಟಿ ವಿಷಯದಲ್ಲಿ ಅಕೌಂಟ್ಸಿನವರು ನನಗಿಂತ ಚುರುಕು. ಅಡಿಕೆ ಮಾರಾಟಕ್ಕೆ ತೆರಿಗೆ ಇರುವುದರಿಂದ ಆ ವ್ಯವಹಾರದ ಪಾಲಿನ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ, ಸಿಗುತ್ತದೆ. ಸದಸ್ಯರಿಗೆ ಸಾಲ ಕೊಡುವ ಸೊಸೈಟಿಗಳಾದರೆ ಬಡ್ಡಿಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಆ ಪಾಲಿನ ಕ್ರೆಡಿಟ್ಟೂ ಇಲ್ಲ. ಒಂದೇ ಕೊಟೇಶನ್ ಎರಡು ಸಂಸ್ಥೆಗಳಿಗೆ ಬೇರೆ ಬೇರೆ ಬೆಲೆಗೆ ಬೀಳುವುದು ಹೀಗೆ.

ಮೂರು ವರ್ಷದ್ದು ಅಗ್ಗ ಅಂತ ಕಣ್ಣುಮುಚ್ಚಿ ಕಟ್ಟುವುದೂ ನನಗೆ ಒಗ್ಗುವುದಿಲ್ಲ. 2024ರ ಜೂನ್‌ನಲ್ಲಿ ಅಮೆರಿಕ ಸರ್ಕಾರ ರಷ್ಯಾದ ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿಯನ್ನು ನಿಷೇಧಿಸಿತು. ಜುಲೈ 20ರಿಂದ ಹೊಸ ಮಾರಾಟ ಬಂದ್, ಸೆಪ್ಟೆಂಬರ್ 29ರ ನಂತರ ಅಪ್‌ಡೇಟೂ ಬಂದ್. ನಿಷೇಧ ಅಲ್ಲಿಯದು, ನಮಗೆ ಸಂಬಂಧವಿಲ್ಲ. ಆದರೆ ಮುಂದಿನ ವರ್ಷಗಳ ದುಡ್ಡು ಮೊದಲೇ ಕಟ್ಟಿ ಕೂತಿದ್ದ ಅಲ್ಲಿನ ಗಿರಾಕಿಯ ಜಾಗದಲ್ಲಿ ನಿಂತು ಯೋಚಿಸಬೇಕು. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್, ಮಷೀನ್ ಕಡಿಮೆಯಾದರೆ ಸೀಟು, ಅಂದರೆ ಲೈಸೆನ್ಸ್ ಸಂಖ್ಯೆ, ಇಳಿಸಬಹುದಾ, ಈ ಎರಡು ಸಾಲು ಕರಾರಿನಲ್ಲಿ ಎಲ್ಲಿದೆ ಅಂತ ಹುಡುಕಿಯೇ ನಾನು ಫೈಲ್ ಮುಂದೆ ಕಳಿಸುವುದು.

ದುಬಾರಿ ಪ್ಲಾನಿನ ಬಗ್ಗೆ ಒಂದು ಮಾತು. ಈಗ ಎಲ್ಲರೂ ಇಡಿಆರ್ ಮಾರುತ್ತಾರೆ. ಮಷೀನಿನಲ್ಲಿ ಏನೇನು ನಡೆಯಿತು ಅಂತ ದಾಖಲಿಸಿ, ಅನುಮಾನ ಬಂದರೆ ಎಚ್ಚರಿಸುವ ವ್ಯವಸ್ಥೆ ಅದು. ಒಳ್ಳೆಯದೇ. ಆದರೆ ರಾತ್ರಿ ಎರಡು ಗಂಟೆಗೆ ಬಂದ ಎಚ್ಚರಿಕೆಯನ್ನು ನಮ್ಮಲ್ಲಿ ನೋಡುವವರು ಯಾರು? ನಾನಂತೂ ಮಲಗಿರುತ್ತೇನೆ. ನೋಡಲು ಜನವಿಲ್ಲದ ಆಫೀಸು ಇಡಿಆರ್‌ಗಾಗಿಯೇ ಜಾಸ್ತಿ ಕೊಡಬಾರದು ಅನ್ನುವುದು ನನ್ನ ಅಭಿಪ್ರಾಯ. ಕೊಡುವುದಾದರೆ ಅವರ ಕಡೆಯವರೇ ಹಗಲೂ ರಾತ್ರಿ ನೋಡಿಕೊಳ್ಳುವ ಸೇವೆಗೆ ಕೊಡಿ. ಅದರ ಬದಲು ವಿಂಡೋಸ್ ಅಪ್‌ಡೇಟ್ ಯಾವ ಮಷೀನಿನಲ್ಲಿ ಬಾಕಿ ಇದೆ ಅಂತ ತೋರಿಸುವ ಸೌಲಭ್ಯಕ್ಕೆ ನಾನು ಖುಷಿಯಿಂದ ದುಡ್ಡು ಕೊಡುತ್ತೇನೆ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಜಗತ್ತಿನ ತುಂಬ ಹರಡಿದಾಗ, ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಅಗ್ಗದ ಪ್ಲಾನಿನಲ್ಲಿ ನೋಡಬೇಕಾದದ್ದು ಲಾಗ್, ಅಂದರೆ ಮಷೀನಿನಲ್ಲಿ ನಡೆದದ್ದರ ದಾಖಲೆ, ಎಷ್ಟು ದಿನ ಉಳಿಯುತ್ತದೆ ಅನ್ನುವುದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ದಾಳಿಯಂಥದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಕನ್ಸೋಲ್ ಒಂದು ತಿಂಗಳದ್ದನ್ನು ಮಾತ್ರ ಇಡುವುದಾದರೆ ಉಳಿದದ್ದನ್ನು ನಾವೇ ಇಳಿಸಿಟ್ಟುಕೊಳ್ಳುವ ಕೆಲಸ ಬೀಳುತ್ತದೆ.

ಮಲೆನಾಡಿನ ಶಾಖೆಗಳಿಗೆ ಇನ್ನೊಂದು ಲೆಕ್ಕ ಇದೆ, ಬೆಂಗಳೂರಿನ ಮಾರಾಟಗಾರರಿಗೆ ಅದು ಹೊಳೆಯುವುದೇ ಇಲ್ಲ. ಜುಲೈ ಮಳೆಯಲ್ಲಿ ಮರ ಬಿದ್ದರೆ ಕರೆಂಟೂ ಇಲ್ಲ, ಕೇಬಲ್ಲೂ ಇಲ್ಲ. ನೆಟ್ ಬಂದ ಸ್ವಲ್ಪ ಹೊತ್ತಿನಲ್ಲೇ ಎಲ್ಲ ಕಂಪ್ಯೂಟರೂ ಒಟ್ಟಿಗೆ ಅಪ್‌ಡೇಟ್ ಎಳೆದರೆ ಬಿಲ್ಲಿಂಗ್ ನಿಂತುಹೋಗುತ್ತದೆ. ಹಾಗಾಗಿ ಶಾಖೆಯ ಒಂದು ಮಷೀನ್ ಮಾತ್ರ ಹೊರಗಿನಿಂದ ತಂದು ಉಳಿದವಕ್ಕೆ ಹಂಚುವ ಸೌಲಭ್ಯ ಇದೆಯಾ ಅಂತ ಮೊದಲೇ ಕೇಳುತ್ತೇನೆ. ಕೆಲವರಲ್ಲಿ ಇದು ಮೂಲ ದರದಲ್ಲೇ ಬರುತ್ತದೆ, ಕೆಲವರಲ್ಲಿ ಮೇಲಿನ ಪ್ಲಾನಿಗೆ ಹೋಗಬೇಕು. ಅಪ್‌ಡೇಟನ್ನು ಎಲ್ಲರಿಗೂ ಒಂದೇ ಸಲ ಬಿಡದೆ ಮೊದಲು ನಾಲ್ಕು ಮಷೀನಿಗೆ ಬಿಟ್ಟು ನೋಡುವ ಅವಕಾಶ ಇದೆಯಾ ಅಂತಲೂ ಕೇಳುತ್ತೇನೆ. 2024ರ ಜುಲೈ 19ರಂದು ಕಂಪ್ಯೂಟರ್ ಭದ್ರತೆಯ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಮಷೀನುಗಳು ನೀಲಿ ಪರದೆ ತೋರಿಸಿ ಕೂತವು. ಎಷ್ಟೋ ಕಡೆ ಒಬ್ಬರು ಎದುರಿಗೆ ಹೋಗಿ ಕೂತು ಒಂದೊಂದನ್ನೇ ಸರಿಮಾಡಬೇಕಾಯಿತು. ನಮ್ಮಲ್ಲಿ ಹಾಗಾದರೆ ಆ ಒಬ್ಬ ನಾನೇ, ಮಳೆಯಲ್ಲಿ ಹೊಸನಗರಕ್ಕೆ.

ಪಟ್ಟಿಯಲ್ಲಿ ತಕರಾರು ಎಬ್ಬಿಸಿದ್ದು ಒಂದು ಶಾಖೆಯ ಲಾರಿ ತೂಕ ಮಾಡುವ ವೇ ಬ್ರಿಡ್ಜ್ ಕಂಪ್ಯೂಟರ್. ತೂಕದ ಇಂಡಿಕೇಟರಿನಿಂದ ಹಳೆಯ ಸೀರಿಯಲ್ ಕೇಬಲ್ ಬರುತ್ತದೆ, ಅದನ್ನು ಓದುವ ಸಾಫ್ಟ್‌ವೇರ್ ವಿಂಡೋಸ್ 7 ಬಿಟ್ಟು ಬೇರೆಯದರಲ್ಲಿ ಓಡುವುದಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಹಳೆಯದಕ್ಕೂ ನಮ್ಮದು ನಡೆಯುತ್ತದೆ ಅಂತ ಒಬ್ಬರು ಆ ಒಂದು ಮಷೀನಿಗಾಗಿ ಇಡೀ ಸಂಸ್ಥೆಗೆ ದುಬಾರಿ ಪ್ಲಾನ್ ಹೇಳಿದರು. ನಾವು ಅದರ ನೆಟ್‌ವರ್ಕ್ ಕೇಬಲ್ ತೆಗೆದೆವು. ಪೆನ್‌ಡ್ರೈವ್ ಹಾಕುವ ಕಿಂಡಿಗಳನ್ನು ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್, ಅಂದರೆ ಬಯಾಸ್‌ನಲ್ಲೇ ಬಂದ್ ಮಾಡಿದೆವು. ತೂಕದ ಚೀಟಿ ಪ್ರಿಂಟ್ ಆಗುತ್ತದೆ, ಕೌಂಟರಿನವರು ಅದನ್ನು ನೋಡಿ ಎಂಟ್ರಿ ಮಾಡುತ್ತಾರೆ. ಲೈಸೆನ್ಸ್ ಲೆಕ್ಕದಿಂದ ಅದು ಹೊರಗೆ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹನ್ನೊಂದಕ್ಕೆ ಏರದ ಮಷೀನುಗಳಿಗೆ ಮೂರು ವರ್ಷದ ಲೈಸೆನ್ಸ್ ಕೊಳ್ಳುವುದರಲ್ಲಿ ಅರ್ಥವಿಲ್ಲ ಅಂತ ಅವುಗಳ ಮುಂದೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟೆ.

ಕೊನೆಗೆ ತೆಗೆದುಕೊಂಡದ್ದು ಮಷೀನಿನ ಲೆಕ್ಕದ್ದು, ಎರಡು ವರ್ಷಕ್ಕೆ. ಹೆಡ್ ಆಫೀಸಿಗೆ ಬಳಕೆದಾರರ ಲೆಕ್ಕ, ಶಾಖೆಗಳಿಗೆ ಮಷೀನಿನ ಲೆಕ್ಕ ಅಂತ ಎರಡು ಬಗೆ ಮಾಡಿದ್ದರೆ ಹಾಳೆಯ ಮೇಲೆ ಇನ್ನಷ್ಟು ಉಳಿಯುತ್ತಿತ್ತು. ಆದರೆ ಇರುವ ಒಂದೂವರೆ ಜನ ಎರಡು ಕನ್ಸೋಲ್ ನೋಡುವುದು ಆಗದ ಮಾತು. ಸರ್ವರ್ ಕಂಪ್ಯೂಟರಿಗೆ ಬೇರೆ ದರ ಇತ್ತು, ಅದರಲ್ಲಿ ಚೌಕಾಸಿ ನಡೆಯಲಿಲ್ಲ.

ಚೌಕಾಸಿ ನಡೆದದ್ದು ದಿನಾಂಕದಲ್ಲಿ. ನಮ್ಮ ಲೈಸೆನ್ಸ್ ಮುಗಿಯುತ್ತಿದ್ದುದು ಡಿಸೆಂಬರಿನಲ್ಲಿ, ಕೊಯ್ಲಿನ ಭರಾಟೆಯ ನಡುವೆ. ಆ ಹೊತ್ತಿನಲ್ಲಿ ಸಾಫ್ಟ್‌ವೇರ್ ಬದಲಿಸಲು ಯಾವ ಶಾಖೆಯೂ ಮಷೀನ್ ಬಿಟ್ಟುಕೊಡುವುದಿಲ್ಲ. ಹಳೆಯದನ್ನು ತೆಗೆಯಲು ಪಾಸ್‌ವರ್ಡ್ ಹಾಕಿ, ರೀಸ್ಟಾರ್ಟ್ ಮಾಡಿ, ಹೊಸದನ್ನು ಹಾಕಿ, ಮತ್ತೆ ರೀಸ್ಟಾರ್ಟ್ ಮಾಡಿ, ಟ್ಯಾಲಿ ತೆರೆಯುತ್ತದಾ ನೋಡಬೇಕು. ಹಾಗಾಗಿ ಎಷ್ಟೇ ದುಬಾರಿಯಾದರೂ ಹಳೆಯವರಿಗೇ ರಿನ್ಯೂವಲ್, ಅದು ಅವರಿಗೂ ಗೊತ್ತು. ಈ ಸಲ ಮುಗಿಯುವ ದಿನವನ್ನು ಮೇ ತಿಂಗಳಿಗೆ ತಳ್ಳಿ, ಹೆಚ್ಚುವರಿ ತಿಂಗಳುಗಳಿಗೆ ಅದೇ ದರದಲ್ಲಿ ಬಿಲ್ ಮಾಡಿ ಅಂತ ಕೇಳಿದೆವು, ಒಪ್ಪಿದರು. ಮೇನಲ್ಲಿ ಲೆಕ್ಕಪತ್ರದ ವರ್ಷ ಮುಗಿದಿರುತ್ತದೆ, ಮಳೆ ಹಿಡಿದಿರುವುದಿಲ್ಲ, ಯಾರ್ಡಿನಲ್ಲೂ ಅಷ್ಟು ಗಲಾಟೆ ಇರುವುದಿಲ್ಲ.

ಹೋದ ಸಲಕ್ಕಿಂತ ಉಳಿದ ದುಡ್ಡಿಗೆ ಟ್ಯಾಲಿ ಬ್ಯಾಕಪ್ಪಿಗೆ ಎರಡು ಡಿಸ್ಕ್ ಬೇಕು ಅಂತ ಬರೆದುಕೊಟ್ಟೆ. ಒಂದು ಸದಾ ಬಿಚ್ಚಿಟ್ಟಿರುವುದು, ಇನ್ನೊಂದು ಜೋಡಿಸಿರುವುದು. ಚೀಫ್ ಅಕೌಂಟೆಂಟ್ ಓದಿ, "ಮೊದಲು ಸಾಗರಕ್ಕೊಂದು ಯುಪಿಎಸ್ ಕೊಡ್ಸಿ ಮಾರಾಯ್ರೆ, ಅಲ್ಲಿಯವರ ಫೋನ್ ತಡೆಯಕ್ಕಾಗ್ತಿಲ್ಲ" ಅಂದರು. ಯುಪಿಎಸ್ ಹೋಯಿತು. ಡಿಸ್ಕಿನ ಫೈಲು ಅವರ ಟೇಬಲ್ ಮೇಲಿದೆ, ಸೋಮವಾರ ಮತ್ತೆ ಕೇಳಬೇಕು.