ಮಲ್ಲಿ ತಿರುಗಿ ನೋಡಿದಳು: ಕಿವಿ ಕೇಳದ ಬೆಕ್ಕಿನ ಮರಿಯ ತರಬೇತಿ, ಹದಿನೈದನೆಯ ವಾರ

ಮೊನ್ನೆ ಗುರುವಾರ ಬೆಳಿಗ್ಗೆ ಮಲ್ಲಿ ಹಿತ್ತಿಲ ಕಿಟಕಿಯ ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕುಳಿತು ಸೀಬೆ ಮರದ ಅಳಿಲನ್ನು ನೋಡುತ್ತಿದ್ದಳು. ಹಜಾರದ ಬಾಗಿಲಲ್ಲಿ ನಿಂತು ನಾನು ರಿಮೋಟಿನ ಗುಂಡಿಯನ್ನು ಒಮ್ಮೆ ಒತ್ತಿದೆ. ಕುತ್ತಿಗೆಯ ಪಟ್ಟಿ ಕ್ಷಣಮಾತ್ರ ಅದುರಿತು, ಆಡುತ್ತಿದ್ದ ಬಾಲದ ತುದಿ ನಿಂತಿತು, ಅವಳು ಅಳಿಲನ್ನು ಬಿಟ್ಟು ಕತ್ತು ಹೊರಳಿಸಿ ನೇರವಾಗಿ ನನ್ನ ಮುಖವನ್ನು ನೋಡಿದಳು. ಹದಿನೈದು ವಾರಗಳಿಂದ ನಾನು ಕಾದದ್ದು ಈ ಒಂದು ನೋಟಕ್ಕೆ.

ಲಸಿಕೆ, ಜಂತುಹುಳದ ಔಷಧಿ, ಮರಳಿನ ತಟ್ಟೆಯ ಅಭ್ಯಾಸ ಇವುಗಳನ್ನು ಇಲ್ಲಿ ಬರೆಯುವುದಿಲ್ಲ. ಬೆಕ್ಕು ಸಾಕಿದವರಿಗೆ ಅವೆಲ್ಲ ಗೊತ್ತಿರುವುದೇ, ಕಿವಿ ಕೇಳದ ಮರಿಗೆ ಅವುಗಳಲ್ಲಿ ಬೇರೆ ಕ್ರಮವೇನೂ ಇಲ್ಲ. ಕಿವುಡಿನ ಕಾರಣವನ್ನೂ ಚುಟುಕಾಗಿ ಮುಗಿಸುತ್ತೇನೆ. ಮಲ್ಲಿ ಅಚ್ಚ ಬಿಳಿ, ಎರಡೂ ಕಣ್ಣು ನೀಲಿ. ಮೈಯನ್ನೆಲ್ಲ ಬಿಳಿಯಾಗಿಸುವ ಕಿಟ್ ಜೀನಿನ ರೂಪಾಂತರ ಇರುವ ಮರಿಗಳಲ್ಲಿ ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳು ಹಲವೊಮ್ಮೆ ಒಳಕಿವಿಯನ್ನು ಮುಟ್ಟುವುದೇ ಇಲ್ಲ. ಅಲ್ಲಿನ ದ್ರವದ ಸಮತೋಲನ ಕಾಯಲು ಆ ಕೋಶಗಳೇ ಬೇಕಾದ್ದರಿಂದ, ಹುಟ್ಟಿದ ಮೊದಲ ಕೆಲವು ವಾರಗಳಲ್ಲಿಯೇ ಶಬ್ದಗ್ರಾಹಕ ಕೋಶಗಳು ನಶಿಸಿಹೋಗುತ್ತವೆ. ನೀಲಿ ಕಣ್ಣಿನ ಬೆಕ್ಕುಗಳ ಕಿವುಡನ್ನು ಡಾರ್ವಿನ್ 1859ರಲ್ಲಿಯೇ ಗುರುತಿಸಿ ಬರೆದಿದ್ದರು. ಇದು ವಂಶದಲ್ಲಿ ಹರಿಯುವ ಗುಣವಾದ್ದರಿಂದ ಮುಂದಿನ ತಿಂಗಳು ಮಲ್ಲಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತೇನೆ.

ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರು ನಮ್ಮದು. ಎಳೆಯ ಮಕ್ಕಳಿಗೆ ಬೇರಾ ಪರೀಕ್ಷೆ ಮಾಡುತ್ತಾರೆ ಎಂಬುದು ಮೈಸೂರಿನ ಎಷ್ಟೋ ಮನೆಗಳಿಗೆ ಗೊತ್ತು. ಬೆಕ್ಕಿನ ಕಿವುಡನ್ನು ಖಚಿತಪಡಿಸುವ ಪರೀಕ್ಷೆಯೂ ಅದೇ ತತ್ತ್ವದ್ದು: ಕಿವಿಗೆ ಟಿಕ್ ಟಿಕ್ ಶಬ್ದ ಕೊಟ್ಟು ಮಿದುಳುಕಾಂಡದ ವಿದ್ಯುತ್ ಸ್ಪಂದನೆಯನ್ನು ದಾಖಲಿಸುವುದು. ನಾವು ಮನೆಯಲ್ಲಿಯೇ ಪರೀಕ್ಷಿಸಿದೆವು, ಮತ್ತು ಮೊದಲ ವಾರ ಮೋಸಹೋದೆವು. ಬೆನ್ನ ಹಿಂದೆ ಚಪ್ಪಾಳೆ ತಟ್ಟಿದಾಗ ಮಲ್ಲಿ ತಿರುಗುತ್ತಿದ್ದಳು. ಅವಳನ್ನು ಮುಟ್ಟುತ್ತಿದ್ದದ್ದು ಶಬ್ದವಲ್ಲ, ಅಂಗೈಗಳ ನಡುವಿನಿಂದ ಚಿಮ್ಮಿದ ಗಾಳಿ. ಪಕ್ಕದ ಕೋಣೆಯ ಬಾಗಿಲ ಮರೆಯಲ್ಲಿ ಸ್ಟೀಲ್ ಡಬ್ಬಿ ಬಡಿದಾಗ ಅವಳ ಒಂದು ಮೀಸೆಯೂ ಅಲುಗಲಿಲ್ಲ.

ಎದುರಿಗಿದ್ದಾಗ ಕೈಸನ್ನೆಗಳನ್ನು ಅವಳು ಆಶ್ಚರ್ಯವಾಗುವಷ್ಟು ಬೇಗ ಕಲಿತಳು. ನಾನು ಎದೆಯ ಮೇಲೆ ಅಂಗೈ ಇಡುವುದನ್ನು ‘ಬಾ’ ಎಂದು ಗೊತ್ತುಮಾಡಿದ್ದೆ. ಅಮ್ಮ ಮಾತ್ರ, ಅಂಗೈ ಕೆಳಮುಖ ಮಾಡಿ ಬೆರಳು ಮಡಚುತ್ತ, ಮಕ್ಕಳನ್ನು ಕರೆಯುವಂತೆಯೇ ಕರೆಯುತ್ತಿದ್ದರು. ಒಂದು ಮನೆಯಲ್ಲಿ ಒಂದು ಪದಕ್ಕೆ ಎರಡು ಸನ್ನೆ ಇರಬಾರದು. ಅಮ್ಮನದು ದೂರಕ್ಕೂ ಕಾಣುವ ಸನ್ನೆಯಾದ್ದರಿಂದ ಅದನ್ನೇ ಉಳಿಸಿಕೊಂಡೆವು.

ಆದರೆ ನೋಡದವಳಿಗೆ ಸನ್ನೆಯಿಂದ ಏನು ಪ್ರಯೋಜನ? ಬೆನ್ನು ತಿರುಗಿಸಿದ ಮರಿಯನ್ನು ಬೆಚ್ಚಿಬೀಳಿಸದೆ ಕರೆಯುವುದು ಹೇಗೆ ಎಂಬ ಈ ಒಂದು ಪ್ರಶ್ನೆಯೇ ನನ್ನ ಮೂರು ತಿಂಗಳನ್ನು ತಿಂದಿತು. “ಹಿಂದಿನಿಂದ ಹೋಗಿ ಮುಟ್ಟಬೇಡವೋ, ಬೆಚ್ಚಿ ಬೀಳುತ್ತೆ ಅದು” ಎಂದು ಅಮ್ಮ ಮೊದಲ ದಿನವೇ ಹೇಳಿದ್ದರು.

ಎಲ್ಲರೂ ಮೊದಲು ಹೇಳುವುದು ನೆಲ ಗುದ್ದುವುದನ್ನು. ನಮ್ಮದು ಅಗ್ರಹಾರದ ಹಳೆಯ ಮನೆ: ರೆಡ್ ಆಕ್ಸೈಡ್ ಹಾಕಿ ಕನ್ನಡಿಯಂತೆ ಉಜ್ಜಿದ ನೆಲ, ಕೆಳಗೆ ಗಾರೆ, ಅದರ ಕೆಳಗೆ ದಿಮ್ಮಸು ಹೊಡೆದ ಮಣ್ಣು. ಹಿಮ್ಮಡಿ ನೋಯುವಂತೆ ಗುದ್ದಿದರೂ ಮೂರಡಿ ಆಚೆ ಕುಳಿತ ಮಲ್ಲಿಗೆ ಅದು ತಿಳಿಯುತ್ತಿರಲಿಲ್ಲ. ಮರದ ಹಲಗೆಯ ಅಟ್ಟದಲ್ಲಿ ಮಾತ್ರ ಬೆರಳಿನಿಂದ ಕುಟ್ಟಿದರೂ ತಿರುಗುತ್ತಿದ್ದಳು. ಆಮೇಲೆ ಬಿದಿರಿನ ಬೀಸಣಿಗೆ. ಹಿಂದಿನಿಂದ ಮೆಲ್ಲಗೆ ಒಮ್ಮೆ ಬೀಸಿದರೆ ಬೆನ್ನಿನ ಕೂದಲು ಸೀಳಿ, ಅವಳು ಬೆಚ್ಚದೆ ಸಾವಧಾನವಾಗಿ ತಿರುಗುತ್ತಿದ್ದಳು. ಈ ಉಪಾಯ ನನಗೆ ಈಗಲೂ ಪ್ರಿಯ. ಆರಡಿಯೊಳಗೆ, ಸೀಲಿಂಗ್ ಫ್ಯಾನ್ ಆಫ್ ಆಗಿದ್ದರೆ, ಇದಕ್ಕಿಂತ ಸೌಮ್ಯವಾದ ಕರೆ ಇನ್ನೊಂದಿಲ್ಲ. ಏಪ್ರಿಲ್ ಮಧ್ಯಾಹ್ನ ಫ್ಯಾನ್ ಆಫ್ ಮಾಡಿ ಇರುವುದು ಸಾಧ್ಯವಾಗದೆ ಅದನ್ನೂ ಬಿಡಬೇಕಾಯಿತು. ಟಾರ್ಚಿನ ಬೆಳಕನ್ನು ಅವಳ ಮುಂದಿನ ನೆಲದ ಮೇಲೆ ಮಿನುಗಿಸಿದರೆ ರಾತ್ರಿ ಗಮನಿಸುತ್ತಿದ್ದಳು, ಆದರೆ ನನ್ನತ್ತ ತಿರುಗುವ ಬದಲು ಬೆಳಕನ್ನೇ ಬೇಟೆಯಾಡುತ್ತಿದ್ದಳು. ಲೇಸರ್ ಬೇಡವೇ ಬೇಡ. ಅದು ಕಣ್ಣಿಗೆ ಹಾನಿ, ಮೇಲಾಗಿ ಎಂದೂ ಕೈಗೆ ಸಿಗದ ಬೇಟೆ.

ಉಳಿದದ್ದು ಅದುರುವ ಪಟ್ಟಿ. ಆನ್‌ಲೈನ್ ಮಾರಾಟಗಾರರೊಬ್ಬರಿಂದ ‘ಬೆಕ್ಕಿಗೆ, ಕಂಪನ ಮಾತ್ರ’ ಎಂದಿದ್ದ ಪಟ್ಟಿಯನ್ನು ತರಿಸಿದೆ. ಬಂದದ್ದು ನಾಯಿಯ ಪಟ್ಟಿ: 68 ಗ್ರಾಂ ತೂಕ, ಒಳಬದಿಯಲ್ಲಿ ವಿದ್ಯುತ್ ಆಘಾತ ಕೊಡುವ ಎರಡು ಲೋಹದ ಮೊಳೆ. ಒಂದೂ ಮುಕ್ಕಾಲು ಕೆ.ಜಿ. ತೂಗುವ ಮರಿಯ ಕುತ್ತಿಗೆಗೆ ಇಂಥದ್ದನ್ನು ಕಳುಹಿಸಿ, ವಾಪಸು ಪಡೆಯಲು ಹದಿನೆಂಟು ದಿನ ಸತಾಯಿಸಿದವರ ಮೇಲೆ ನನ್ನ ಸಿಟ್ಟು ಇನ್ನೂ ಆರಿಲ್ಲ. ಕೊನೆಗೆ ಹಳೆಯ ಮೊಬೈಲಿನ ನಾಣ್ಯದಾಕಾರದ ಮೋಟರ್, ಸಣ್ಣ ಲಿಥಿಯಂ ಬ್ಯಾಟರಿ ಮತ್ತು ವೈರ್‌ಲೆಸ್ ಗಂಟೆಯ ರಿಸೀವರ್ ಸೇರಿಸಿ, ಎಳೆದರೆ ಬಿಚ್ಚಿಕೊಳ್ಳುವ ಬಕಲ್ ಇರುವ ಪಟ್ಟಿಗೆ ನಾನೇ ಹೊಲಿದೆ. ಒಟ್ಟು 14 ಗ್ರಾಂ. ಅವಳ ತೂಕದ ಶೇ. 1ಕ್ಕಿಂತ ಕಡಿಮೆ.

ಮೊದಲ ಪ್ರಯೋಗ ಸೋತಿತು. ಒಂದು ಸೆಕೆಂಡಿನ ಕಂಪನಕ್ಕೆ ಮಲ್ಲಿ ಹಿಮ್ಮುಖವಾಗಿ ಸರಿಯುತ್ತ, ಕುತ್ತಿಗೆಯಿಂದ ಏನನ್ನೋ ಕಳಚಿಕೊಳ್ಳುವವಳಂತೆ ಮಂಚದ ಕೆಳಗೆ ಸೇರಿ, ಸಂಜೆಯವರೆಗೆ ಹೊರಬರಲಿಲ್ಲ. ಆ ಸಂಜೆ ನನಗೆ ಊಟ ಸೇರಲಿಲ್ಲ. ಆದ್ದರಿಂದ ಮತ್ತೆ ಮೊದಲಿನಿಂದ ಹೊರಟೆ: ಕಂಪನವನ್ನು ಸೆಕೆಂಡಿನ ಐದನೆಯ ಒಂದು ಭಾಗಕ್ಕೆ ಇಳಿಸಿ, ಮೋಟರಿನ ಮೇಲೆ ಬಟ್ಟೆಯ ಎರಡು ಪದರ ಸುತ್ತಿ, ಪಟ್ಟಿಯನ್ನು ನೆಲದ ಮೇಲಿಟ್ಟು ಅದುರಿಸಿ ಪಕ್ಕದಲ್ಲಿ ತಿನಿಸಿನ ಕಾಳು ಹಾಕಿದೆ. ಐದು ದಿನ ಅವಳೇ ಬಂದು ಮೂಸಿದಳು, ಆರನೆಯ ದಿನ ಅದರ ಮೇಲೆ ಪಂಜ ಇಟ್ಟು ಕಾದಳು. ಆಮೇಲೆ ನಾಲ್ಕು ದಿನ ಬ್ಯಾಟರಿ ಇಲ್ಲದೆ ಕಟ್ಟಿ, ನಂತರವಷ್ಟೇ ಜೀವ ಕೊಟ್ಟೆ.

ಈಗ ಹೆದರಿಕೆ ಹೋಯಿತು, ಆದರೆ ಹೊಸ ತೊಡಕು ಬಂತು. ಪಟ್ಟಿ ಅದುರಿದ ಕೂಡಲೇ ಅವಳು ಊಟದ ತಟ್ಟೆಯತ್ತ ಓಡತೊಡಗಿದಳು. ನಾನು ಕಾಳನ್ನು ಯಾವಾಗಲೂ ತಟ್ಟೆಯ ಬಳಿಯೇ ಕೊಟ್ಟಿದ್ದೆ. ಕಂಪನಕ್ಕೆ ‘ತಟ್ಟೆ’ ಎಂಬ ಅರ್ಥವನ್ನು ಕಲಿಸಿದವನು ನಾನೇ. ಎರಡು ವಾರ ಕೊಟ್ಟು ಅದನ್ನು ಅಳಿಸಿದೆ. ತಟ್ಟೆಯನ್ನು ಅಡುಗೆಮನೆಯಿಂದ ಎತ್ತಿಟ್ಟೆ, ಕಾಳು ನನ್ನ ಕೈಯಿಂದಲೇ ಬರಬೇಕು, ಕಣ್ಣಿಗೆ ಕಣ್ಣು ಕೂಡಿದ ಮೇಲೆಯೇ ಬರಬೇಕು, ಪ್ರತಿಸಲವೂ ಬೇರೆ ಕೋಣೆಯಲ್ಲಿ ಬರಬೇಕು ಎಂದು ನಿಯಮ ಮಾಡಿಕೊಂಡೆ. ಮೊದಮೊದಲು ಅವಳು ಖಾಲಿ ಜಾಗದಲ್ಲಿ ತಟ್ಟೆ ಹುಡುಕಿ, ಬಾಯಿ ಅಗಲಿಸಿ, ತನಗೇ ಕೇಳದ ಆ ದೊಡ್ಡ ಗಂಟಲಿನಲ್ಲಿ ಕೂಗುತ್ತಿದ್ದಳು. ಗುರುವಾರದ ನೋಟ ಬಂದದ್ದು ಈ ಹಾದಿಯಲ್ಲಿ.

ಈ ನಡುವೆ ಹಿತ್ತಿಲಿನ ಯೋಜನೆಯೂ ತಲೆಯಲ್ಲಿ ಕುಳಿತಿದೆ. ನಾಯಿಯ ಬೊಗಳು, ಸ್ಕೂಟರಿನ ಹಾರನ್ ಕೇಳದವಳನ್ನು ಬೀದಿಗೆ ಬಿಡುವ ಮಾತೇ ಇಲ್ಲ. ಆದ್ದರಿಂದ ಸೀಬೆ ಮರದ ಪಕ್ಕ ಹತ್ತಡಿ ಉದ್ದ, ಆರಡಿ ಅಗಲಕ್ಕೆ ಒಂದಿಂಚು ಕಣ್ಣಿನ ಜಾಲರಿ ಹೊಡೆದು, ಮೇಲೂ ಮುಚ್ಚಿ, ಅವಳಿಗೊಂದು ಬಯಲು ಕೋಣೆ ಕಟ್ಟುತ್ತೇನೆ. ಕೆಳಗೆ ಸಿಮೆಂಟ್ ಹಾಕಿಸುವುದಿಲ್ಲ. ಅಟ್ಟ ಕಲಿಸಿದ ಪಾಠವನ್ನು ನೆನೆದು, ಕೆಡವಿದ ಮನೆಯೊಂದರ ಹಳೆಯ ತೇಗದ ಹಲಗೆಗಳನ್ನು ಇಟ್ಟಿಗೆಯ ಮೇಲೆ ಹಾಸುತ್ತೇನೆ. ಅಲ್ಲಿ ಪಟ್ಟಿಯೇ ಬೇಡ, ಬಾಗಿಲಲ್ಲಿ ನಿಂತು ಹಲಗೆ ಕುಟ್ಟಿದರೆ ಸಾಕು.

ಪಟ್ಟಿಯ ಕೆಲಸ ಇನ್ನೂ ಮುಗಿದಿಲ್ಲ. ನಿನ್ನೆ ರಿಮೋಟನ್ನು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಅಡುಗೆಮನೆಯಲ್ಲಿ ಒತ್ತಿದರು. ಮಲ್ಲಿ ಅವರ ಸೀರೆಯ ನಿರಿಗೆಯನ್ನು ಸವರಿಕೊಂಡೇ ಹಾದು, ಹಜಾರಕ್ಕೆ ಬಂದು, ಪತ್ರಿಕೆ ಓದುತ್ತಿದ್ದ ನನ್ನ ಮುಂದೆ ಕುಳಿತು ಮುಖ ನೋಡಿದಳು. ಅದುರುವಿಕೆಯೆಂದರೆ ‘ಕರೆದವರನ್ನು ನೋಡು’ ಎಂದಾಗಬೇಕಿತ್ತು, ಅವಳ ಪಾಲಿಗೆ ಅದು ನನ್ನ ಹೆಸರಾಗಿಬಿಟ್ಟಿದೆ. ನಾಳೆಯಿಂದ ಕಾಳು ಕೊಡುವವರು ಅಮ್ಮ. ಮೀನಿನ ವಾಸನೆಯ ಆ ಕಾಳನ್ನು ಅವರು ಕೈಯಲ್ಲಿ ಮುಟ್ಟುವುದಿಲ್ಲವಾದ್ದರಿಂದ, ಉದ್ದ ಹಿಡಿಯ ಮರದ ಚಮಚವೊಂದನ್ನು ತೊಳೆದು ಕಿಟಕಿಯ ಕಟ್ಟೆಯ ಮೇಲೆ ಈಗಾಗಲೇ ಎತ್ತಿಟ್ಟುಕೊಂಡಿದ್ದಾರೆ.